ಸನ್ಯಾಸಿಗಳು ಮುಗಿಯುತ್ತಿದ್ದಾಗ ಎದ್ದ ಚರ್ಚು

ಮಠ ಹೇಗೆ ಹುಟ್ಟುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಒಬ್ಬ ತಪಸ್ವಿ, ಒಂದು ಗುಹೆ, ಹುತ್ತದ ಮೇಲೆ ಹಾಲು ಸುರಿಸುವ ಒಂದು ಹಸು, ಆಮೇಲೆ ಬೇಟೆಗೆ ಬಂದ ರಾಜ, ಅವನು ಬಿಟ್ಟ ಉಂಬಳಿ. ಕಥೆ ತಾನಾಗಿಯೇ ನಡೆದುಕೊಂಡು ಹೋಗುತ್ತದೆ. ನಾನು ಇವತ್ತು ಹೇಳಹೊರಟ ಮಠ ಹುಟ್ಟಿದ್ದು ಒಂದು ಕ್ರಯಪತ್ರದಿಂದ. 1940ರ ಜುಲೈಯಲ್ಲಿ, ಫಿನ್ಲೆಂಡಿನ ಹೈನಾವೆಸಿ ಎಂಬ ಸೀಮೆಯಲ್ಲಿ, ಸರೋವರದ ದಂಡೆಯ ಒಂದು ಕೃಷಿ ಎಸ್ಟೇಟನ್ನು ನಿರಾಶ್ರಿತ ಸನ್ಯಾಸಿಗಳ ಗುಂಪೊಂದು ಕೊಂಡುಕೊಂಡಿತು. ಹೊಲ, ಕಾಡು, ಒಂದು ದೊಡ್ಡ ಮನೆ, ಸುತ್ತ ಕೆಲವು ಹೊರಕಟ್ಟಡಗಳು. ಇವತ್ತು ಅದಕ್ಕೆ ಹೊಸ ವಲಾಮೊ ಎಂದು ಹೆಸರು. ಫಿನ್ಲೆಂಡಿನ ಏಕೈಕ ಆರ್ಥೊಡಾಕ್ಸ್ ಪುರುಷ ಸನ್ಯಾಸಿಗಳ ಮಠ ಅದು.

ಆರ್ಥೊಡಾಕ್ಸ್ ಎಂಬ ಪದದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮಲ್ಲಿ ಆ ಪದ ಕೇಳಿದೊಡನೆ ಮಡಿವಂತರು, ಸಂಪ್ರದಾಯಸ್ಥರು ಎಂಬ ಅರ್ಥ ಹೊಳೆಯುತ್ತದೆ. ಇಲ್ಲಿ ಅದು ಪಂಥದ ಹೆಸರು. ಗ್ರೀಸ್, ರಷ್ಯಾ, ರುಮೇನಿಯಾ, ಸೆರ್ಬಿಯಾಗಳ ಬಹುಪಾಲು ಕ್ರೈಸ್ತರು ಈ ಪಂಥದವರು. ಪೋಪರ ಅಧಿಕಾರವನ್ನು ಇವರು ಒಪ್ಪುವುದಿಲ್ಲ. ಸಭೆಯಲ್ಲಿ ಉಡುಪಿ ಕಡೆಯವರಿದ್ದರೆ, ನಮ್ಮ ಬ್ರಹ್ಮಾವರದಲ್ಲೂ ಆರ್ಥೊಡಾಕ್ಸ್ ಇಗರ್ಜಿ ಇದೆಯಲ್ಲ ಎಂದು ಕೇಳಬಹುದು. ಇದೆ. 19ನೆಯ ಶತಮಾನದ ಕೊನೆಯಲ್ಲಿ ಅಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಫಾದರ್ ನೊರೊನ್ಹಾ ಅವರ ಜೊತೆ ನಿಂತ ಕೊಂಕಣಿ ಮಾತಿನ ಕುಟುಂಬಗಳು ಕಟ್ಟಿಕೊಂಡ ಸಭೆ ಅದು. ಆದರೆ ಅವರ ನಂಟು ಕೇರಳದ ಮಲಂಕರ ಸಭೆಯ ಮೂಲಕ ಸಿರಿಯಾದ ಪರಂಪರೆಗೆ. ಅದು 451ರ ಕಾಲ್ಸಿಡಾನ್ ಮಹಾಸಭೆಯ ತೀರ್ಮಾನವನ್ನು ಒಪ್ಪದೆ ಬೇರೆಯಾದ ಕವಲು. ನಾನು ಹೇಳುತ್ತಿರುವುದು ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲಿನ ಪಿತೃಪೀಠದ ಕವಲಿನ ಕಥೆ. ದಾಯಾದಿಗಳು ಎಂದುಕೊಳ್ಳಿ. ಮನೆ ಹಿಸ್ಸೆಯಾಗಿ ಒಂದೂವರೆ ಸಾವಿರ ವರ್ಷವಾಗಿದೆ, ಅಡುಗೆಯ ರುಚಿ ಮಾತ್ರ ಇನ್ನೂ ಹತ್ತಿರ.

ಇನ್ನು ಫಿನ್ಲೆಂಡ್ ಎಂದರೆ ಪ್ರಾಟೆಸ್ಟಂಟ್ ಪಂಥದ ಲೂಥರನ್ನರ ದೇಶ. ಆರ್ಥೊಡಾಕ್ಸರು ನೂರಕ್ಕೆ ಒಬ್ಬರು. ಆ ಒಬ್ಬರಲ್ಲಿ ಹೆಚ್ಚಿನವರು ಮೂಲತಃ ದೇಶದ ಪೂರ್ವ ಅಂಚಿನ ಕರೇಲಿಯಾದವರು. ರಷ್ಯಾದ ನವ್ಗೊರೊದ್ ನಗರದ ಕಡೆಯಿಂದ ಕ್ರೈಸ್ತಮತ ಬಂದ ಪ್ರದೇಶ ಅದು. ನವ್ಗೊರೊದ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕಟ್ಟಡದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಹೊಸ ವಲಾಮೊ ಎಂದ ಮೇಲೆ ಹಳೆಯದೊಂದು ಇರಲೇಬೇಕು. ಯುರೋಪಿನ ಅತಿ ದೊಡ್ಡ ಸರೋವರ ಲದೋಗಾ. ಅದರ ಉತ್ತರ ಭಾಗದಲ್ಲಿ ಐವತ್ತರಷ್ಟು ದ್ವೀಪಗಳ ಒಂದು ಗುಂಪು, ಅದೇ ವಲಾಮ್, ಫಿನ್ನಿಶ್‌ನಲ್ಲಿ ವಲಾಮೊ. ಕಪ್ಪು ಬಂಡೆ, ಪೈನ್ ಮರ, ಚಳಿಗಾಲದಲ್ಲಿ ಸುತ್ತ ಹೆಪ್ಪುಗಟ್ಟಿದ ನೀರು. ಸೆರ್ಗೆಯ್, ಗೆರ್ಮಾನ್ ಎಂಬ ಇಬ್ಬರು ಸಂತರು ಅಲ್ಲಿ ಮಠ ಕಟ್ಟಿದರು ಎಂಬುದು ನಂಬಿಕೆ. ಯಾವಾಗ ಎಂಬ ಬಗ್ಗೆ ಮಠದವರಿಗೂ ಇತಿಹಾಸಕಾರರಿಗೂ ಕೆಲವು ಶತಮಾನಗಳಷ್ಟು ಭಿನ್ನಾಭಿಪ್ರಾಯ ಇದೆ. ಅದೇನೂ ನಮಗೆ ಹೊಸತಲ್ಲ. 1611ರಲ್ಲಿ ಸ್ವೀಡನ್ನಿನ ಸೈನ್ಯ ಅದನ್ನು ನೆಲಸಮ ಮಾಡಿತು. ನೂರು ವರ್ಷ ದ್ವೀಪದಲ್ಲಿ ಮಠ ಇರಲಿಲ್ಲ. ರಷ್ಯಾದ ಪೀಟರ್ ದೊರೆಯ ಕಾಲದಲ್ಲಿ ಮತ್ತೆ ಸನ್ಯಾಸಿಗಳು ಬಂದರು.

ಆ ದ್ವೀಪಕ್ಕೆ ಇವತ್ತಿನ ರೂಪ ಕೊಟ್ಟವರು ದಮಸ್ಕಿನ್ ಎಂಬ ಮಠಾಧಿಪತಿ. 1839ರಿಂದ 1881ರವರೆಗೆ, ನಲವತ್ತೆರಡು ವರ್ಷ ಅವರದೇ ಆಡಳಿತ. ರೈತನ ಮಗ, ಆದರೆ ಒಳ್ಳೆಯ ಮೇಸ್ತ್ರಿಯ ತಲೆ. ಇಟ್ಟಿಗೆ ಗೂಡು, ಕಮ್ಮಾರಸಾಲೆ, ಹಣ್ಣಿನ ತೋಟ, ಉಗಿ ಯಂತ್ರದಿಂದ ಸರೋವರದ ನೀರು ಮೇಲೆತ್ತುವ ಏರ್ಪಾಟು, ಎಲ್ಲವನ್ನೂ ಮಾಡಿಸಿದರು. ಗೊರ್ನೊಸ್ತಾಯೆವ್ ಎಂಬ ಪೀಟರ್ಸ್‌ಬರ್ಗಿನ ವಾಸ್ತುಶಿಲ್ಪಿಯನ್ನು ಕರೆಸಿ ಕಾಡಿನೊಳಗಿನ ಸಣ್ಣ ಆಶ್ರಮಗಳಿಗೂ ಅತಿಥಿಗೃಹಕ್ಕೂ ನಕ್ಷೆ ಬರೆಸಿದರು. ದಮಸ್ಕಿನ್ ತೀರಿಕೊಂಡ ಮೇಲೆ ಎದ್ದದ್ದು ಪ್ರಧಾನ ಚರ್ಚು, ಕ್ರಿಸ್ತನ ರೂಪಾಂತರದ ಹೆಸರಿನದು, ಅಂದರೆ ಬೆಟ್ಟದ ಮೇಲೆ ಶಿಷ್ಯರೆದುರು ಕ್ರಿಸ್ತ ಬೆಳಕಾಗಿ ಹೊಳೆದ ಪ್ರಸಂಗದ್ದು. 1896ರಲ್ಲಿ ಅದರ ಪ್ರತಿಷ್ಠೆಯಾಯಿತು. ಐದು ಗುಮ್ಮಟ, ಎರಡು ಅಂತಸ್ತು, 72 ಮೀಟರ್ ಎತ್ತರದ ಗಂಟೆಗೋಪುರ. ಅಂದರೆ ಇಪ್ಪತ್ತು ಮಹಡಿಗಿಂತ ಎತ್ತರ, ಅದೂ ನಡುನೀರಿನ ಬಂಡೆಯ ಮೇಲೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಸನ್ಯಾಸಿಗಳು, ಅಭ್ಯರ್ಥಿಗಳು, ಕೂಲಿಯವರು ಎಲ್ಲ ಸೇರಿ ಸಾವಿರದಷ್ಟು ಜನ ಅಲ್ಲಿದ್ದರು.

ಇಲ್ಲೊಂದು ಸಣ್ಣ ಅಡ್ಡದಾರಿ ಹಿಡಿಯುತ್ತೇನೆ. ಈ ಮಠಕ್ಕೆ ದೂರ ಎಂಬುದು ಹೊಸದೇನಲ್ಲ. ಇಲ್ಲಿಂದ ಹೊರಟ ಸನ್ಯಾಸಿಗಳು ಸೈಬೀರಿಯಾ ದಾಟಿ, ಸಮುದ್ರ ದಾಟಿ 1794ರಲ್ಲಿ ಅಲಾಸ್ಕಾದ ಕೋಡಿಯಾಕ್ ದ್ವೀಪ ಮುಟ್ಟಿದರು. ಅವರಲ್ಲೊಬ್ಬ ಗೆರ್ಮಾನ್ (ಮಠ ಕಟ್ಟಿದ ಗೆರ್ಮಾನ್ ಬೇರೆ) ಇವತ್ತು ಅಮೆರಿಕದ ಆರ್ಥೊಡಾಕ್ಸರ ಅಚ್ಚುಮೆಚ್ಚಿನ ಸಂತ. ದ್ವೀಪದಲ್ಲಿ ಕೂತವರು ಎಂದುಕೊಂಡರೆ ಇವರು ಭೂಮಿಯ ಅರ್ಧ ಸುತ್ತು ಹಾಕಿದ್ದಾರೆ.

1917ರಲ್ಲಿ ರಷ್ಯಾದ ಕ್ರಾಂತಿ ಆಯಿತು, ಅದೇ ವರ್ಷ ಡಿಸೆಂಬರಿನಲ್ಲಿ ಫಿನ್ಲೆಂಡ್ ಸ್ವತಂತ್ರವಾಯಿತು. ವಲಾಮ್ ದ್ವೀಪ ಫಿನ್ಲೆಂಡಿನ ಪಾಲಿಗೆ ಬಂತು. ಇದರಿಂದ ಮಠ ಬದುಕಿತು. ಗಡಿಯಾಚೆಯ ಮಠಗಳನ್ನು ಸೋವಿಯತ್ ಸರ್ಕಾರ ಒಂದೊಂದಾಗಿ ಮುಚ್ಚುತ್ತಿತ್ತು. ಆದರೆ ಅದೇ ಗಡಿ ಮಠದ ಬೇರನ್ನೂ ಕತ್ತರಿಸಿತು. ಸನ್ಯಾಸಿಗಳಲ್ಲಿ ಹೆಚ್ಚಿನವರು ರಷ್ಯನ್ನರು, ಹೊಸಬರು ಬರಬೇಕಾದದ್ದು ರಷ್ಯಾದಿಂದ, ಆ ದಾರಿ ಮುಚ್ಚಿತು.

ಅದರ ಜೊತೆಗೆ ಪಂಚಾಂಗದ ಜಗಳ. ನೀವು ನಗುತ್ತೀರಿ ಎಂದು ಗೊತ್ತು, ಯುಗಾದಿ ಯಾವತ್ತು ಎಂದು ಜಗಳವಾಡುವವರು ನಾವೂ ಇದ್ದೇವೆ. ರಷ್ಯಾದ ಚರ್ಚು ಅನುಸರಿಸುತ್ತಿದ್ದುದು ಹಳೆಯ ಜೂಲಿಯನ್ ಪಂಚಾಂಗ, ಅದು ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ಈಗ 13 ದಿನ ಹಿಂದೆ. ಫಿನ್ಲೆಂಡಿನ ಆರ್ಥೊಡಾಕ್ಸ್ ಸಭೆ 1923ರಲ್ಲಿ ಕಾನ್‌ಸ್ಟಾಂಟಿನೋಪಲಿನ ಕೆಳಗೆ ಸ್ವಾಯತ್ತ ಸಭೆಯಾಯಿತು, ಹೊಸ ಪಂಚಾಂಗವನ್ನು ಒಪ್ಪಿತು, ಮಠವೂ ಒಪ್ಪಬೇಕೆಂದಿತು. ಮಠ ಎರಡಾಯಿತು. ಒಂದೇ ಊಟದ ಮನೆಯಲ್ಲಿ ಕೂರುವವರು ಒಟ್ಟಿಗೆ ಪೂಜೆಗೆ ನಿಲ್ಲಲಿಲ್ಲ. ಹಳೆಯ ಲೆಕ್ಕ ಬಿಡಲೊಲ್ಲದ ಹಲವರು ಮಠ ಬಿಟ್ಟು ಹೊರದೇಶಗಳಿಗೆ ಹೋದರು. 13 ದಿನ ಎಂಬ ಈ ಸಂಖ್ಯೆಯೂ ನೆನಪಿರಲಿ.

ಈಗ ಯುದ್ಧ. 1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟ ಫಿನ್ಲೆಂಡಿನ ಮೇಲೆ ದಾಳಿ ಮಾಡಿತು. ಫೆಬ್ರುವರಿಯಲ್ಲಿ ವಲಾಮ್ ಮೇಲೆ ಬಾಂಬು ಬಿತ್ತು. ಸನ್ಯಾಸಿಗಳು ಹೆಪ್ಪುಗಟ್ಟಿದ ಲದೋಗಾದ ಮೇಲಿಂದಲೇ ದಡ ಸೇರಿದರು. ಮಾರ್ಚ್ 12ಕ್ಕೆ ಒಪ್ಪಂದವಾಯಿತು, ದ್ವೀಪ ಸೋವಿಯತ್ತಿಗೆ ಹೋಯಿತು. ಇವರೊಬ್ಬರೇ ಅಲ್ಲ, ನಾಲ್ಕು ಲಕ್ಷಕ್ಕೂ ಹೆಚ್ಚು ಕರೇಲಿಯನ್ನರು ಮನೆ ಬಿಟ್ಟರು. ಫಿನ್ಲೆಂಡಿನ ಆರ್ಥೊಡಾಕ್ಸರಲ್ಲಿ ಬಹುಪಾಲು ಜನ ಆ ಗುಂಪಿನಲ್ಲಿದ್ದರು. ಚರ್ಚುಗಳಲ್ಲಿ ಹೆಚ್ಚಿನವು ಗಡಿಯಾಚೆ ಉಳಿದವು.

ಹೊರಡುವಾಗ ಏನನ್ನು ಎತ್ತಿಕೊಳ್ಳಬೇಕು? ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ನಾನು ಸದಾ ಕೇಳುವ ಪ್ರಶ್ನೆ ಇದು. ಕಟ್ಟಡದಿಂದ ಯಾವುದನ್ನು ತೆಗೆದರೂ ಅದು ಅದೇ ಕಟ್ಟಡವಾಗಿ ಉಳಿಯುತ್ತದೆ, ಯಾವುದನ್ನು ತೆಗೆದರೆ ಉಳಿಯುವುದಿಲ್ಲ? ಆರ್ಥೊಡಾಕ್ಸ್ ಸಭೆಗೆ ಇದಕ್ಕೊಂದು ಬಹಳ ನಿಖರವಾದ ಉತ್ತರ ಇದೆ. ಅದು ಒಂದು ಬಟ್ಟೆ. ಗ್ರೀಕಿನಲ್ಲಿ ಆಂಟಿಮೆನ್ಸಿಯನ್ ಎನ್ನುತ್ತಾರೆ. ಚೌಕದ ಬಟ್ಟೆ, ಮೇಲೆ ಕ್ರಿಸ್ತನನ್ನು ಸಮಾಧಿ ಮಾಡುವ ಚಿತ್ರ, ಅದರೊಳಗೆ ಹೊಲಿದಿಟ್ಟ ಸಂತರೊಬ್ಬರ ಅವಶೇಷದ ಚೂರು, ಕೆಳಗೆ ಬಿಷಪ್ಪರ ಸಹಿ. ಮಡಿಸಿದರೆ ಚೀಲದಲ್ಲಿ ಹಿಡಿಯುತ್ತದೆ. ಈ ಬಟ್ಟೆ ಹಾಸಿದ ಮೇಜಿನ ಮೇಲೆ ಪೂಜೆ ನಡೆಸಬಹುದು, ಅದು ಹಳ್ಳಿಶಾಲೆಯ ಕೋಣೆಯಾದರೂ ಸರಿ. ಬಟ್ಟೆ ಇಲ್ಲದಿದ್ದರೆ 72 ಮೀಟರ್ ಗೋಪುರದ ಕೆಳಗೂ ಸಾಧ್ಯವಿಲ್ಲ. ಕಟ್ಟಡವಿಲ್ಲದ ದಿನ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಇಟ್ಟವರ ವ್ಯವಸ್ಥೆ ಇದು.

ಬಟ್ಟೆಯಲ್ಲದೆ ಇನ್ನೂ ಎಷ್ಟೋ ವಸ್ತುಗಳು ಬಂದವು. ಪೂಜಾಪಾತ್ರೆ, ಪುಸ್ತಕ, ಐಕಾನುಗಳು. ಐಕಾನ್ ಎಂದರೆ ಮರದ ಹಲಗೆಯ ಮೇಲೆ ಬರೆದ ಪವಿತ್ರ ಚಿತ್ರ. ನಿಮ್ಮ ಮೊಬೈಲಿನ ಪರದೆಯ ಐಕಾನ್ ಇದರ ಮರಿಮಗ. ವಲಾಮಿನ ದೇವಮಾತೆ ಮೇರಿಯ ಐಕಾನ್ ಕೂಡ ಬಂತು. 1878ರಲ್ಲಿ ಮಠದ ಸನ್ಯಾಸಿ ಅಲಿಪಿ ಬರೆದದ್ದು. ಕೆಲಕಾಲ ಮೂಲೆಗುಂಪಾಗಿ, 1897ರಲ್ಲಿ ಮತ್ತೆ ಸಿಕ್ಕಿ, ಆಮೇಲೆ ಮಠದ ಅತಿ ಪೂಜ್ಯ ವಸ್ತುವಾಯಿತು. ಆ ವಲಸೆಯ ಹೊತ್ತಿನಲ್ಲಿ ಮಠಾಧಿಪತಿಯಾಗಿದ್ದವರು ಹರಿತೋನ್. ಯೇಸುನಾಮ ಜಪದ ಬಗ್ಗೆ ಹಿರಿಯರು ಬರೆದದ್ದನ್ನೆಲ್ಲ ಕೂಡಿಸಿ ಸಂಕಲನ ಮಾಡಿದ ವಿದ್ವಾಂಸ. ಜಪದ ಪಂಡಿತರ ಪಾಲಿಗೆ ಜಮೀನು ಹುಡುಕುವ ಕೆಲಸ ಬಂತು.

ಸಿಕ್ಕ ಎಸ್ಟೇಟಿನ ಹೆಸರು ಪಾಪಿನ್ನಿಯೆಮಿ. ಕನ್ನಡದ ಕಿವಿಗೆ ಅದು ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತು, ಫಿನ್ನಿಶ್ ಭಾಷೆಯಲ್ಲಿ ಅದರ ಅರ್ಥ ಪಾದ್ರಿಯ ಭೂಶಿರ. ಹೆಸರೇ ಶಕುನದಂತಿತ್ತು. ಮನೆಯನ್ನು ನೋಡಲು ಹೋದಾಗ ಒಳಗೆ ಸೆರ್ಗೆಯ್ ಮತ್ತು ಗೆರ್ಮಾನರ ಐಕಾನ್ ಒಂದು ಸಿಕ್ಕಿತೆಂದೂ, ಅದನ್ನು ಕಂಡು ಜಾಗ ಇದೇ ಎಂದು ನಿಶ್ಚಯಿಸಿದರೆಂದೂ ಮಠದಲ್ಲಿ ಹೇಳುತ್ತಾರೆ. ನೋಡಿ, ಕ್ರಯಪತ್ರದ ಕಥೆ ಎಂದು ಶುರು ಮಾಡಿದೆ, ಕೊನೆಗೆ ಹುತ್ತದ ಮೇಲಿನ ಹಸು ಇಲ್ಲಿಗೂ ಬಂತು.

ಸ್ಥಾಪನೆ ಎಂಬ ಪದವನ್ನು ಆ ಸನ್ಯಾಸಿಗಳು ಒಪ್ಪುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಅವರು ಹೊಸ ಮಠ ಸ್ಥಾಪಿಸುತ್ತಿರಲಿಲ್ಲ, ಬಿಡಾರ ಬದಲಿಸುತ್ತಿದ್ದರು. ಆದ್ದರಿಂದಲೇ ಅವರು ಏನನ್ನೂ ಕಟ್ಟಲಿಲ್ಲ. ಎಸ್ಟೇಟಿನ ಮರದ ಹೊರಕಟ್ಟಡವನ್ನೇ ಮಾರ್ಪಡಿಸಿ ಚರ್ಚು ಮಾಡಿಕೊಂಡರು. ದನದ ಕೊಟ್ಟಿಗೆಯ ಸಾಲಿನಲ್ಲಿ ನಿಲ್ಲುವಂಥ, ರೈತರು ಸಾಮಾನು ಇಡುವಂಥ ಕಟ್ಟಡ.

ಇದು ಹೇಗೆ ಚರ್ಚಾಗುತ್ತದೆ ಎಂಬುದರಲ್ಲಿ ಆರ್ಥೊಡಾಕ್ಸ್ ವಾಸ್ತುವಿನ ವ್ಯಾಕರಣ ಇಡಿಯಾಗಿ ಇದೆ, ಸ್ವಲ್ಪ ನಿಲ್ಲೋಣ. ಮೊದಲು ದಿಕ್ಕು: ಪೂಜಾವೇದಿ ಪೂರ್ವಕ್ಕೆ. ಆಮೇಲೆ ಮೂರು ಭಾಗ. ಪಶ್ಚಿಮದಲ್ಲಿ ಹೊಸ್ತಿಲಿನಂಥ ಮುಖಮಂಟಪ, ನಡುವೆ ಜನ ನಿಲ್ಲುವ ಅಂಕಣ, ಪೂರ್ವದಲ್ಲಿ ಗರ್ಭಗುಡಿಗೆ ಸಮನಾದ ವೇದಿಕೋಣೆ. ನಡುವಿನ ಅಂಕಣಕ್ಕೂ ವೇದಿಗೂ ಮಧ್ಯೆ ಐಕಾನುಗಳ ಗೋಡೆ, ಐಕೊನೊಸ್ಟಾಸಿಸ್. ಅದರ ನಡುವಿನ ಜೋಡಿಬಾಗಿಲಿಗೆ ರಾಜದ್ವಾರ ಎಂದು ಹೆಸರು. ಬಾಗಿಲಿನ ಬಲಕ್ಕೆ ಕ್ರಿಸ್ತ, ಎಡಕ್ಕೆ ದೇವಮಾತೆ. ಆ ಬಾಗಿಲು ಎಂದು ತೆರೆಯುತ್ತದೆ, ಎಂದು ಮುಚ್ಚುತ್ತದೆ ಎಂಬುದೇ ಪೂಜೆಯ ಲಯ. ಪರದೆ ಎಳೆದು ಮಂಗಳಾರತಿಗೆ ಸರಿಸುವುದನ್ನು ಕಂಡ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೂರಲು ಬೆಂಚುಗಳ ಸಾಲು ಇರುವುದಿಲ್ಲ, ನಿಂತೇ ಪ್ರಾರ್ಥನೆ. ವಾದ್ಯ ಇರುವುದಿಲ್ಲ, ಬರೀ ಕಂಠ.

ಈಗ ಲೆಕ್ಕ ಹಾಕಿ. ದಿಕ್ಕು ಸರಿಯಿರುವ ಒಂದು ಉದ್ದನೆಯ ಕೋಣೆ, ಅಡ್ಡ ಒಂದು ತಡಿಕೆ, ಅದರ ಮೇಲೆ ಹೊತ್ತು ತಂದ ಐಕಾನುಗಳು, ಹಿಂದೆ ಒಂದು ಮೇಜು, ಮೇಜಿನ ಮೇಲೆ ಆ ಬಟ್ಟೆ. ಚರ್ಚು ಸಿದ್ಧ. ಗುಮ್ಮಟ, ಗೋಪುರ, ಚಿನ್ನದ ಶಿಲುಬೆ, ನಾವು ಫೋಟೋ ತೆಗೆಯುವ ಎಲ್ಲವೂ ವ್ಯಾಕರಣದ ದೃಷ್ಟಿಯಿಂದ ಅಲಂಕಾರ.

ಇಲ್ಲಿಗೆ ಬಂದಾಗ ನಿಮ್ಮಲ್ಲಿ ಹಲವರ ನಾಲಗೆಯ ತುದಿಯಲ್ಲಿ ಸ್ಥಾವರ, ಜಂಗಮ ಎಂಬ ಎರಡು ಪದ ಕುಣಿಯುತ್ತಿರುತ್ತದೆ. ಸ್ಥಾವರ ದ್ವೀಪದಲ್ಲಿ ಅಳಿಯಿತು, ಜಂಗಮ ಹಿಮದ ಮೇಲೆ ನಡೆದು ಉಳಿಯಿತು. ಈ ಭಾಷಣದ ಟಿಪ್ಪಣಿ ಮಾಡಿಕೊಳ್ಳುವಾಗ ನನಗೂ ಹಾಗೇ ಮುಗಿಸುವ ಆಸೆಯಿತ್ತು. ಕಥೆ ಬಿಡಲಿಲ್ಲ. ಮುಂದಿನ ಮೂವತ್ತೇಳು ವರ್ಷದಲ್ಲಿ ಜಂಗಮವೇ ಅಳಿಯುತ್ತ ಬಂತು.

ಬಂದವರು ನೂರೈವತ್ತರಿಂದ ಇನ್ನೂರರೊಳಗೆ, ಹೆಚ್ಚಿನವರು ವಯಸ್ಸಾದವರು. ಬೆಳಿಗ್ಗೆ ಸಂಜೆ ಪೂಜೆ, ನಡುವೆ ಹೊಲದ ಕೆಲಸ, ಪ್ರತಿ ಚಳಿಗಾಲಕ್ಕೆ ಒಂದಷ್ಟು ಹೊಸ ಸಮಾಧಿ. ಪೂಜೆಯ ಭಾಷೆ ಚರ್ಚ್ ಸ್ಲಾವೊನಿಕ್, ರಷ್ಯಾದ ಚರ್ಚಿನ ಹಳೆಯ ಭಾಷೆ, ಸುತ್ತಲಿನ ಊರಿಗೆ ಅದು ಅರ್ಥವಾಗದು. ರಷ್ಯಾದ ಜೊತೆ ಎರಡು ಯುದ್ಧ ಮಾಡಿದ ದೇಶದಲ್ಲಿ ರಷ್ಯನ್ ಮಾತಿನ ಮಠಕ್ಕೆ ಯಾವ ಫಿನ್ನಿಶ್ ಯುವಕ ಸೇರುತ್ತಾನೆ? 1945ರಲ್ಲಿ ಮಠ ಮಾಸ್ಕೋ ಪಿತೃಪೀಠದ ಕೆಳಗೆ ಹೋಯಿತು. 1957ರಲ್ಲಿ ಫಿನ್ಲೆಂಡಿನ ಸಭೆಗೆ ಮರಳಿತು, ಆಗ ಕೆಲವು ಸನ್ಯಾಸಿಗಳು ಸೋವಿಯತ್ ಒಕ್ಕೂಟಕ್ಕೇ ಹೊರಟುಹೋದರು. ಅದಕ್ಕೆ ಒಂದು ವರ್ಷ ಮೊದಲು, 1956ರಲ್ಲಿ, ಲದೋಗಾದ ಇನ್ನೊಂದು ದ್ವೀಪ ಕೊನೆವೆತ್ಸ್‌ನಿಂದ ವಲಸೆ ಬಂದಿದ್ದ ಮಠದಲ್ಲಿ ಉಳಿದಿದ್ದ ಸನ್ಯಾಸಿಗಳು ಇಲ್ಲಿಗೆ ಸೇರಿಕೊಂಡರು. ಅವರೊಡನೆ ಬಂದದ್ದು ಕೊನೆವೆತ್ಸ್ ದೇವಮಾತೆಯ ಐಕಾನ್. ಮಗು ಕ್ರಿಸ್ತನ ಕೈಯಲ್ಲಿ ಪಾರಿವಾಳದ ಮರಿ ಇರುವ ಚಿತ್ರ, 1393ರಲ್ಲಿ ಗ್ರೀಸಿನ ಆಥೋಸ್ ಪರ್ವತದಿಂದ ತಂದದ್ದೆಂದು ಪ್ರತೀತಿ. ಒಂದು ಮಠ ತೀರುತ್ತ ಇನ್ನೊಂದು ತೀರುತ್ತಿರುವ ಮಠಕ್ಕೆ ತನ್ನ ಒಡವೆ ಒಪ್ಪಿಸಿದಂತೆ.

ಈ ವರ್ಷಗಳಲ್ಲಿ ಇಲ್ಲಿದ್ದ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಯೋಹಾನ ಎಂಬ ಹಿರಿಯ, 1958ರಲ್ಲಿ ತೀರಿಕೊಂಡವರು. ತನ್ನ ಬಳಿ ಕಷ್ಟ ಹೇಳಿಕೊಂಡವರಿಗೆ ಪತ್ರ ಬರೆಯುತ್ತಿದ್ದರು, ಸಣ್ಣ ಸಣ್ಣ ಪತ್ರ, ಬುದ್ಧಿಮಾತಿನ ಅಬ್ಬರ ಇಲ್ಲದ್ದು. 2018ರಲ್ಲಿ ಕಾನ್‌ಸ್ಟಾಂಟಿನೋಪಲ್ ಅವರನ್ನು ಸಂತರೆಂದು ಘೋಷಿಸಿತು. ಚರಿತ್ರೆ ಬರೆಯುವವರು ಇಳಿಗಾಲ ಎಂದು ಒಂದೇ ಸಾಲಿನಲ್ಲಿ ದಾಟಿಬಿಡುವ ಹೊತ್ತು ಅದು. ಆ ಮರದ ಚರ್ಚಿನಲ್ಲಿ ನಿಂತು ಪ್ರಾರ್ಥಿಸಿದವರಲ್ಲಿ ಇಂಥವರೂ ಇದ್ದರು.

1970ರ ದಶಕಕ್ಕೆ ಬರುವಷ್ಟರಲ್ಲಿ ಸನ್ಯಾಸಿಗಳು ಬೆರಳೆಣಿಕೆಗೆ ಇಳಿದಿದ್ದರು. ಯಾವುದೇ ಲೆಕ್ಕಿಗನನ್ನು ಕೇಳಿದರೂ ಆಸ್ತಿ ವಿಲೇವಾರಿ ಮಾಡಿ, ಐಕಾನುಗಳನ್ನು ಮ್ಯೂಸಿಯಮ್ಮಿಗೆ ಕಳಿಸಿ ಎನ್ನುತ್ತಿದ್ದ. ಮಠ ಮಾಡಿದ್ದೇನು? ದೊಡ್ಡದೊಂದು ಚರ್ಚು ಕಟ್ಟಿತು. ನೂರೈವತ್ತು ಜನ ಇದ್ದಾಗ ಸಾಮಾನು ಕೋಣೆಯಲ್ಲಿ ಪೂಜೆ ಮಾಡಿದವರು, ಹತ್ತು ಜನಕ್ಕೆ ಇಳಿದಾಗ ಗುಮ್ಮಟ ಎತ್ತಿದರು. ನಾನು ಇಷ್ಟು ಹೊತ್ತು ಇತಿಹಾಸ ಹೇಳಿದ್ದು ಈ ಒಂದು ವಿಚಿತ್ರದ ಎದುರು ನಿಮ್ಮನ್ನು ತಂದು ನಿಲ್ಲಿಸಲು.

ಆಗ ಫಿನ್ಲೆಂಡಿನ ಆರ್ಥೊಡಾಕ್ಸ್ ಆರ್ಚ್‌ಬಿಷಪ್ ಆಗಿದ್ದವರು ಪಾವಲಿ, 1960ರಿಂದ 1987ರವರೆಗೆ. ಯೌವನದಲ್ಲಿ ಅವರು ಹಳೆಯ ವಲಾಮಿನಲ್ಲೇ ದೀಕ್ಷೆ ಪಡೆದವರು. ಸಂಗೀತ ಬಲ್ಲವರು. ಪೂಜೆ ಜನರ ಭಾಷೆಯಲ್ಲಿ ನಡೆಯಬೇಕು ಎಂಬ ಪಟ್ಟಿನವರು. ಇನ್ನೊಂದು ಕಡೆ, ಮನೆ ಕಳೆದುಕೊಂಡ ಕರೇಲಿಯನ್ನರಿಗೂ ಅವರ ಮಕ್ಕಳಿಗೂ ವಲಾಮೊ ಎಂಬುದು ಹುಟ್ಟೂರಿನ ಉಳಿದ ಒಂದು ತುಂಡು. ಹೆಲ್ಸಿಂಕಿಯಿಂದ ಸುಮಾರು 400 ಕಿಲೋಮೀಟರ್ ದೂರವಾದರೂ ಬೇಸಿಗೆಯಲ್ಲಿ ಜನ ಬರತೊಡಗಿದ್ದರು. ಅವರಲ್ಲಿ ಲೂಥರನ್ನರೂ ಇದ್ದರು. ಚರ್ಚು ಕಟ್ಟಿದ್ದು ಆ ಬರುವವರಿಗಾಗಿ, ಮತ್ತು ಇನ್ನೂ ಬಾರದ ಸನ್ಯಾಸಿಗಳಿಗಾಗಿ.

ನಕ್ಷೆ ಇವಾನ್ ಕುದ್ರಿಯಾವ್ಸೆವ್ ಅವರದು. 1977ರಲ್ಲಿ ಪ್ರತಿಷ್ಠೆಯಾಯಿತು, ಫಿನ್ಲೆಂಡಿನಲ್ಲಿ ಆರ್ಥೊಡಾಕ್ಸ್ ಪಂಥಕ್ಕೆ 800 ವರ್ಷವಾಯಿತೆಂದು ಹಬ್ಬ ಮಾಡಿದ ವರ್ಷ. ಹೆಸರು ದ್ವೀಪದ ಚರ್ಚಿನದೇ, ಕ್ರಿಸ್ತನ ರೂಪಾಂತರ. ತೆರೆಯ ಮೇಲಿನ ಚಿತ್ರ ನೋಡಿ. ಬಿಳಿ ಗೋಡೆ, ತಾಮ್ರದ ಹೊದಿಕೆ, ಈರುಳ್ಳಿಯಾಕಾರದ ಗುಮ್ಮಟ, ಗಂಟೆಗೋಪುರ. ಹಿಂದೆ ಬರ್ಚ್ ಮರಗಳು.

ಈ ಚಿತ್ರವನ್ನು ಮೊದಲ ಸಲ ಕಂಡಾಗ ನನಗೆ ಬೇಸರವಾಗಿತ್ತು. ಯಾಕೆಂದರೆ ಇದು ಆಧುನಿಕ ವಾಸ್ತುಶಿಲ್ಪದ ದೊಡ್ಡ ಹೆಸರಾದ ಆಲ್ವಾರ್ ಆಲ್ಟೊ ಅವರ ದೇಶ. ಇದಕ್ಕಿಂತ ಎಂಟು ವರ್ಷ ಮೊದಲು, 1969ರಲ್ಲಿ, ಹೆಲ್ಸಿಂಕಿಯಲ್ಲಿ ತಿಮೊ ಮತ್ತು ತುಓಮೊ ಸುಓಮಲೈನೆನ್ ಎಂಬ ಸಹೋದರರು ಬಂಡೆಯನ್ನು ಕೊರೆದು ಅದರೊಳಗೇ ಲೂಥರನ್ ಚರ್ಚೊಂದನ್ನು ಇಟ್ಟಿದ್ದರು. ಹೊರಗಿನಿಂದ ಕಟ್ಟಡವೇ ಕಾಣಿಸದು, ಒಳಗೆ ಒರಟು ಕಲ್ಲಿನ ಗೋಡೆ, ಮೇಲೆ ತಾಮ್ರದ ಮುಚ್ಚಿಗೆ, ಅದರ ಅಂಚಿನಲ್ಲಿ ಸುತ್ತ ಬೆಳಕು. ಜಗತ್ತೇ ನೋಡಲು ಬರುತ್ತದೆ. ಅಂಥ ದೇಶದಲ್ಲಿ 1977ರಲ್ಲಿ ಈರುಳ್ಳಿ ಗುಮ್ಮಟವೇ? ಹಳೆಯ ಪೋಸ್ಟ್‌ಕಾರ್ಡಿನ ನಕಲು ಎಂದು ಬದಿಗಿಟ್ಟಿದ್ದೆ.

ಆಮೇಲೆ ನವ್ಗೊರೊದಿನ ಮಧ್ಯಯುಗದ ಚರ್ಚುಗಳ ಚಿತ್ರಗಳ ಪಕ್ಕ ಇದನ್ನಿಟ್ಟು ನೋಡಿದೆ. ಮೊದಲೇ ಹೇಳಿದ್ದೆನಲ್ಲ, ನೆನಪಿಟ್ಟುಕೊಳ್ಳಿ ಎಂದು. ಕುದ್ರಿಯಾವ್ಸೆವ್ ಅವರ ಕಣ್ಣು 1896ರ ದ್ವೀಪದ ಚರ್ಚಿನ ಕಡೆ ಇರಲಿಲ್ಲ. ಆ ಐದು ಗುಮ್ಮಟದ, ಎರಡು ಅಂತಸ್ತಿನ, ಸಾಮ್ರಾಜ್ಯದ ಗತ್ತಿನ ಕಟ್ಟಡವನ್ನು ಚಿಕ್ಕದು ಮಾಡಿ ಮತ್ತೆ ಕಟ್ಟುವ ಆಸೆ ಯಾರಿಗಾದರೂ ಬರುತ್ತಿತ್ತು. ಕಳೆದುಕೊಂಡ ಮನೆಯ ಪಡಿಯಚ್ಚು ತಾನೇ ಎಲ್ಲ ವಲಸಿಗರ ಕನಸು. ಅವರು ಅದನ್ನು ದಾಟಿ, ಅದಕ್ಕಿಂತ ಹಿಂದಿನ, ಕರೇಲಿಯಾಕ್ಕೆ ಮತ ತಂದ ಊರಿನ ಬಿಳಿ ಗೋಡೆಗೆ ಹೋದರು. ಅಲಂಕಾರ ಕಡಿಮೆ, ಗೋಡೆಯ ಮೈ ಹೆಚ್ಚು. ಹಿಮ ಬಿದ್ದ ದಿನ ಗೋಡೆಗೂ ನೆಲಕ್ಕೂ ವ್ಯತ್ಯಾಸ ತಿಳಿಯದೆ ತಾಮ್ರ ಮಾತ್ರ ಮೇಲೆ ನಿಂತಿರುತ್ತದೆ. ರಷ್ಯಾದ ಸಾಮ್ರಾಜ್ಯದ ನೆನಪನ್ನು ಎಬ್ಬಿಸದೆ ಪೂರ್ವದ ಪಂಥ ಎಂದು ಹೇಳಲು ಫಿನ್ಲೆಂಡಿನಲ್ಲಿ ಇದ್ದ ದಾರಿ ಬಹುಶಃ ಇದೊಂದೇ. ಬಂಡೆಯೊಳಗೆ ಅಡಗುವ ಸ್ವಾತಂತ್ರ್ಯ ಬಹುಸಂಖ್ಯಾತರಿಗೆ ಇತ್ತು. ನೂರಕ್ಕೆ ಒಬ್ಬರಾದವರು ದೂರದಿಂದ ಗುರುತು ಸಿಗುವಂತೆ ಕಟ್ಟಬೇಕಾಗಿತ್ತು. ಇದು ನನ್ನ ಓದು, ನೀವು ಒಪ್ಪಬೇಕೆಂದಿಲ್ಲ. ಬಂಡೆಯ ಚರ್ಚೇ ಮೇಲು ಎನ್ನುವ ಗೆಳೆಯರು ನನಗಿದ್ದಾರೆ, ಕಟ್ಟಡವಾಗಿ ನೋಡಿದರೆ ನಾನೂ ಹಾಗೇ ಹೇಳಬೇಕಾಗುತ್ತದೆ.

ಒಳಗೆ ಐಕಾನುಗಳಿಗೆ ಕೊನೆಗೂ ಅವುಗಳ ಅಳತೆಗೆ ತಕ್ಕ ಜಾಗ ಸಿಕ್ಕಿತು. ವಲಾಮಿನ ದೇವಮಾತೆಯೂ ಕೊನೆವೆತ್ಸಿನ ದೇವಮಾತೆಯೂ ಈಗ ಒಂದೇ ಸೂರಿನ ಕೆಳಗೆ.

ಕಟ್ಟಡಕ್ಕಿಂತ ದೊಡ್ಡ ಬದಲಾವಣೆ ಅದೇ ವರ್ಷ ಆಯಿತು, ಕಣ್ಣಿಗೆ ಕಾಣದ್ದು. ಪೂಜೆಯ ಭಾಷೆ ಸ್ಲಾವೊನಿಕ್‌ನಿಂದ ಫಿನ್ನಿಶ್‌ಗೆ ತಿರುಗಿತು. ಇದು ಅನುವಾದದ ಕೆಲಸ ಮಾತ್ರವಾಗಿರಲಿಲ್ಲ. ವಾದ್ಯವಿಲ್ಲದ ಪಂಥದಲ್ಲಿ ಭಾಷೆಯೇ ರಾಗದ ಎಲುಬು. ವಲಾಮಿಗೆ ತನ್ನದೇ ಒಂದು ಗಾಯನಪದ್ಧತಿ ಇತ್ತು, ಸ್ಲಾವೊನಿಕ್ ಪದಗಳ ಒತ್ತಿಗೆ ಹೊಂದಿ ಬೆಳೆದದ್ದು. ಫಿನ್ನಿಶ್‌ನಲ್ಲಿ ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ, ದೀರ್ಘಸ್ವರ ಹೆಚ್ಚು, ಪದಗಳೋ ನಮ್ಮ ಹಾಗೆ ಪ್ರತ್ಯಯ ಅಂಟಿಸಿಕೊಂಡು ಉದ್ದುದ್ದ. ಹಳೆಯ ಧಾಟಿಯನ್ನು ಹೊಸ ಮಾತಿಗೆ ಕೂರಿಸುವುದು ಎಂದರೆ ಬೇರೆಯವರ ಅಳತೆಗೆ ಹೊಲಿದ ನಿಲುವಂಗಿಯನ್ನು ಬಿಚ್ಚಿ ಮತ್ತೆ ಹೊಲಿದಂತೆ. ಕೇಳಲು ಬಂದ ಫಿನ್ನಿಶ್ ಯುವಕನಿಗೆ ಆ ದಿನದಿಂದ ಪ್ರಾರ್ಥನೆ ತಿಳಿಯತೊಡಗಿತು. ಆಮೇಲಿನ ವರ್ಷಗಳಲ್ಲಿ ಹೊಸ ಸನ್ಯಾಸಿಗಳು ಬಂದರು. ಬಹಳ ಜನವಲ್ಲ, ಆದರೆ ಮಠ ಮುಚ್ಚದಿರಲು ಸಾಕಾಗುವಷ್ಟು. ಸ್ಥಾವರ ಎದ್ದ ಮೇಲೆ ಜಂಗಮ ಚಿಗುರಿತು. ಹಾಗೇ ಮುಗಿಸಲು ಕಥೆ ಬಿಡಲಿಲ್ಲ ಎಂದಿದ್ದೆನಲ್ಲ, ಅದಕ್ಕೆ ಕಾರಣ ಇದು.

1984ರಲ್ಲಿ ಎರಡು ಸಂಗತಿ ನಡೆದವು. ವರ್ಷದ ಆರಂಭದಲ್ಲಿ ಫಾದರ್ ಅಕಾಕಿ ತೀರಿಕೊಂಡರು, 110 ವರ್ಷದವರು, ದೂರದ ಉತ್ತರದ ಪೆತ್ಸಾಮೊ ಮಠದಿಂದ ಇಲ್ಲಿಗೆ ಬಂದು ಸೇರಿದವರಲ್ಲಿ ಕಟ್ಟಕಡೆಯವರು. ಅದೇ ವರ್ಷ ಮಠದ ಸಾಂಸ್ಕೃತಿಕ ಕೇಂದ್ರ ಬಾಗಿಲು ತೆರೆಯಿತು. ಸಭಾಂಗಣ, ಗ್ರಂಥಾಲಯ, ಐಕಾನ್ ಸಂರಕ್ಷಣೆಯ ಕೆಲಸ. ಎರಡು ವರ್ಷದ ಮೇಲೆ ಗೃಹಸ್ಥರಿಗಾಗಿ ಒಂದು ವಿದ್ಯಾಲಯ ಬಂತು, ಐಕಾನ್ ಬರೆಯುವುದನ್ನೂ ಕಲಿಸುತ್ತಾರೆ. ಅತಿಥಿಗೃಹಗಳಾದವು, ಊಟದ ಮನೆಯಾಯಿತು. ದ್ರಾಕ್ಷಿ ಬೆಳೆಯದ ನೆಲವಾದ್ದರಿಂದ ಕಾಡಿನ ಹಣ್ಣುಗಳಿಂದ ವೈನ್ ಮಾಡಿ ಮಾರುತ್ತಾರೆ, ಈಚೆಗೆ ವಿಸ್ಕಿಯನ್ನೂ. ಹಿಂದಿನ ಸಾಲಿನಲ್ಲಿ ಯಾರೋ ಈಗ ಎಚ್ಚರವಾದರು.

ನಕ್ಷೆಯಾಗಿ ನೋಡಿದರೆ ಇಲ್ಲಿ ನನಗೊಂದು ತಕರಾರು ಇದೆ. ಆಥೋಸ್ ಪರ್ವತದ ಮಠಗಳಾಗಲಿ ಹಳೆಯ ವಲಾಮ್ ಆಗಲಿ, ಕಟ್ಟಡಗಳು ಅಂಗಳದ ಸುತ್ತ ಗೋಡೆಯಾಗಿ ನಿಲ್ಲುತ್ತವೆ, ನಡುವೆ ಚರ್ಚು. ಒಳಗೆ ಯಾವುದು, ಹೊರಗೆ ಯಾವುದು ಎಂದು ಕಾಲಿಗೇ ತಿಳಿಯುತ್ತದೆ. ಹೊಸ ವಲಾಮೊ ಎಸ್ಟೇಟಾಗಿ ಹುಟ್ಟಿದ್ದು, ಇಂದಿಗೂ ಎಸ್ಟೇಟಿನ ಹಾಗೇ ಹರಡಿಕೊಂಡಿದೆ. ಅತಿಥಿಗಳ ಸಂಖ್ಯೆ ಸನ್ಯಾಸಿಗಳ ಸಂಖ್ಯೆಯ ಎಷ್ಟೋ ಪಟ್ಟು. ಮೌನಕ್ಕೆ ಗೋಡೆಯಿಲ್ಲ, ವೇಳಾಪಟ್ಟಿ ಮಾತ್ರ ಇದೆ. ಆದರೆ ಅತಿಥಿಗಳನ್ನು ತೆಗೆದರೆ ಚಳಿಗಾಲಕ್ಕೆ ಅಷ್ಟು ಕಟ್ಟಡ ಕಾಯಿಸುವ ಖರ್ಚು ಎಲ್ಲಿಂದ ಬರಬೇಕು ಎಂದು ಕೇಳಿದರೆ ನನ್ನ ಬಳಿ ಉತ್ತರ ಇಲ್ಲ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: ಹಾಗಾದರೆ ಹಳೆಯ ದ್ವೀಪದ ಗತಿ ಏನಾಯಿತು? ಯುದ್ಧವಾದ ಮೇಲೆ ಸೋವಿಯತ್ ಸರ್ಕಾರ ಅಲ್ಲಿ ಅಂಗವಿಕಲರ, ವೃದ್ಧರ ಆಶ್ರಯಧಾಮ ನಡೆಸಿತು. 1989ರ ಡಿಸೆಂಬರಿನಲ್ಲಿ ರಷ್ಯಾದ ಸಭೆಯ ಆರು ಸನ್ಯಾಸಿಗಳು ದೋಣಿಯಿಂದ ಇಳಿದು ಪಾಳುಬಿದ್ದ ಮಠವನ್ನು ಮತ್ತೆ ಆರಂಭಿಸಿದರು. ಗೋಪುರ ದುರಸ್ತಿಯಾಗಿದೆ, ಯಾತ್ರಿಕರು ಹಡಗಿನಲ್ಲಿ ಬರುತ್ತಾರೆ. ಈಗ ವಲಾಮ್ ಎರಡು. ಒಂದರ ಬಳಿ ದ್ವೀಪ ಇದೆ, ಇನ್ನೊಂದರ ಬಳಿ 1940ರಲ್ಲಿ ದ್ವೀಪದಿಂದ ಹೊತ್ತು ತಂದ ಐಕಾನುಗಳಿವೆ.

ಅವೆರಡರಲ್ಲಿ ನಿಜವಾದದ್ದು ಯಾವುದು ಎಂದೂ ಅವರು ಕೇಳಿದರು. ಎರಡು ಪ್ರಧಾನ ಚರ್ಚುಗಳಿಗೂ ಒಂದೇ ಹೆಸರು, ಆದ್ದರಿಂದ ಎರಡು ಕಡೆಯೂ ವರ್ಷದ ದೊಡ್ಡ ಹಬ್ಬ ಒಂದೇ, ರೂಪಾಂತರದ ಹಬ್ಬ. ಹೈನಾವೆಸಿಯಲ್ಲಿ ಅದನ್ನು ಆಗಸ್ಟ್ 6ರಂದು ಮಾಡುತ್ತಾರೆ. ಲದೋಗಾದ ದ್ವೀಪದಲ್ಲಿ ಆಗಸ್ಟ್ 19ರಂದು.